ಹಟ್ಟಿಯಿಂದ ಹುಟ್ಟಿದ ಪ್ರಶ್ನೆಗಳು

(ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ದನ ಸಾಕುವ ಮಹಿಳೆಯರ ಮತ್ತು ಹೈಸ್ಕೂಲು ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ದನ ಸಾಕುವುದು ಬಹುಪಾಲು ಹೆಂಗಸರ ಕೆಲಸ. ಸೆಗಣಿ ಬಾಚುವುದು, ಅಕ್ಕಚ್ಚು ಕೊಡುವುದು, ಹುಲ್ಲು ತರುವುದು, ಹಾಲು ಕರೆಯುವುದು ಎಲ್ಲ ಅವರದ್ದೇ. ದನ ಒಂದು ಹೊತ್ತು ಹಿಂಡಿ ಮುಟ್ಟದಿದ್ದರೆ ಮೊದಲು ಗೊತ್ತಾಗುವುದು ಅವರಿಗೆ. ಕಡಸು ಬೆದೆಗೆ ಬಂದದ್ದು, ಕರುವಿನ ಸೆಗಣಿ ತೆಳ್ಳಗಾದದ್ದು, ಕೆಚ್ಚಲಿನ ಒಂದು ಬದಿ ಬಿಸಿಯಾದದ್ದು, ಇದನ್ನೆಲ್ಲ ಅವರೇ ಮೊದಲು ಕಾಣುತ್ತಾರೆ. ಆದರೆ ದನದ ಡಾಕ್ಟ್ರು ಬಂದಾಗ ಅಂಗಳದಲ್ಲಿ ನಿಂತು ಮಾತಾಡುವವರು ಹೆಚ್ಚಾಗಿ ಗಂಡಸರು. ಡಾಕ್ಟ್ರು ಕೇಳುವುದೂ ಅವರನ್ನೇ.

ಈ ಗಡಿ ಊರುಗಳಲ್ಲಿ ಪಶುವೈದ್ಯೆಯಾಗಿ ಕೆಲಸ ಮಾಡುವಾಗ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಯಜಮಾನರು "ನಿನ್ನೆಯಿಂದ ತಿನ್ನುವುದಿಲ್ಲ" ಅನ್ನುತ್ತಾರೆ. ಬಾಗಿಲ ಹಿಂದಿನಿಂದ "ಇಲ್ಲ, ಮೊನ್ನೆ ಸಂಜೆಯಿಂದಲೇ ಮೆಲುಕು ಹಾಕುವುದಿಲ್ಲ" ಅಂತ ಒಂದು ಸ್ವರ ಬರುತ್ತದೆ. ರೋಗ ಗುರುತಿಸಲು ನನಗೆ ಬೇಕಾದದ್ದು ಆ ಎರಡನೆಯ ಮಾತು.

ಪಶುವಿಜ್ಞಾನದ ಎಷ್ಟೋ ದೊಡ್ಡ ಪ್ರಶ್ನೆಗಳು ಹುಟ್ಟುವುದು ಇಂಥ ಮಾತಿನಿಂದಲೇ. ಹಟ್ಟಿಯಲ್ಲಿ ದಿನವಿಡೀ ಇರುವವರಿಗೆ ಆ ಪ್ರಶ್ನೆಯನ್ನು ಲ್ಯಾಬಿನವರೆಗೆ ತೆಗೆದುಕೊಂಡು ಹೋಗುವ ಅವಕಾಶ ತುಂಬಾ ತಡವಾಗಿ ಸಿಕ್ಕಿತು. ತಡವಾದದ್ದಕ್ಕೆ ದನಗಳೂ ಜನರೂ ಬೆಲೆ ತೆತ್ತರು. ಸಿಕ್ಕಿದ ಮೇಲೆ ಏನೆಲ್ಲ ಆಯಿತು ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಇವತ್ತು ಅಂಥ ಕೆಲವು ಹೆಂಗಸರ ಕೆಲಸವನ್ನು ನಿಮಗೆ ಹೇಳಬೇಕು.

ಆಲಿಸ್ ಇವಾನ್ಸ್ ಎಂಬವರಿಂದ ಶುರು ಮಾಡುತ್ತೇನೆ. ಅವರು ಪಶುವೈದ್ಯೆಯಲ್ಲ, ಬ್ಯಾಕ್ಟೀರಿಯಾಗಳನ್ನು ಅಭ್ಯಾಸ ಮಾಡಿದವರು. 1881ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಮೊದಲು ಶಾಲೆಯಲ್ಲಿ ಟೀಚರಾಗಿದ್ದರು. ಹಳ್ಳಿ ಶಾಲೆಯ ಶಿಕ್ಷಕರಿಗೆಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಫೀಸಿಲ್ಲದ ಒಂದು ಕೋರ್ಸು ಇತ್ತು. ಅದಕ್ಕೆ ಹೋದವರು ಅಲ್ಲೇ ಓದು ಮುಂದುವರಿಸಿದರು. ಡಾಕ್ಟರೇಟ್ ಮಾಡಲಿಲ್ಲ. ಎಂಎಸ್ಸಿ ಮುಗಿಸಿ ಅಮೆರಿಕ ಸರಕಾರದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿ ಕೆಲಸಕ್ಕೆ ಸೇರಿದರು.

ಆ ಕಾಲದಲ್ಲಿ ಎರಡು ರೋಗಗಳು ಬೇರೆ ಬೇರೆ ಅಂತ ಎಲ್ಲರೂ ತಿಳಿದಿದ್ದರು. ಒಂದು, ಮನುಷ್ಯರಿಗೆ ಬಿಟ್ಟು ಬಿಟ್ಟು ಬರುವ ಜ್ವರ. ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದಿದ್ದರು. ಅದು ಆಡಿನ ಹಾಲಿನಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು, ದನಗಳು ಕಂದು ಹಾಕುವ, ಅಂದರೆ ತಿಂಗಳು ತುಂಬುವ ಮೊದಲೇ ಗಬ್ಬ ಹೋಗುವ ರೋಗ. ಅದರ ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದ್ದರು. ದನದ್ದು ದನಕ್ಕೆ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದೇ ನಂಬಿಕೆ.

ಇವಾನ್ಸ್ ಎರಡೂ ರೋಗಾಣುಗಳನ್ನು ಅಕ್ಕಪಕ್ಕ ಇಟ್ಟು ಬೆಳೆಸಿ ನೋಡಿದರು. ಬೇರೆ ಬೇರೆ ಅಂತ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹತ್ತಿರದ ನೆಂಟರು ಇವು. ಇವುಗಳಿಂದ ಬರುವ ರೋಗಕ್ಕೆ ಈಗ ಬ್ರುಸೆಲ್ಲೋಸಿಸ್ ಅನ್ನುತ್ತಾರೆ. ಹಾಗಾದರೆ ಕಂದು ರೋಗ ಇರುವ ದನದ ಹಸಿ ಹಾಲು ಕುಡಿದರೆ ಮನುಷ್ಯರಿಗೂ ಜ್ವರ ಬರಬಹುದು, ಅಲ್ವಾ? 1917ರಲ್ಲಿ ಅವರು ಇದನ್ನು ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು. 1918ರಲ್ಲಿ ಪ್ರಬಂಧ ಅಚ್ಚಾಯಿತು.

ಯಾರೂ ಒಪ್ಪಲಿಲ್ಲ. ಇದು ನಿಜವಾಗಿದ್ದರೆ ಇಷ್ಟು ದೊಡ್ಡ ದೊಡ್ಡ ವಿಜ್ಞಾನಿಗಳು ಮೊದಲೇ ಕಂಡುಹಿಡಿಯುತ್ತಿರಲಿಲ್ಲವೇ ಎಂಬ ಧಾಟಿಯ ಮಾತು ಬಂತು. ಆಗ ಬಹಳ ಹೆಸರಿದ್ದ ಥಿಯೊಬಾಲ್ಡ್ ಸ್ಮಿತ್ ಕೂಡ ವಿರೋಧಿಸಿದರು. ಹೆಣ್ಣು, ಅದರ ಮೇಲೆ ಡಾಕ್ಟರೇಟ್ ಇಲ್ಲ. ಹಾಲು ಮಾರುವವರಿಗಂತೂ ಈ ಮಾತು ಬೇಡವೇ ಬೇಡವಾಗಿತ್ತು. ನಂತರದ ವರ್ಷಗಳಲ್ಲಿ ಬೇರೆಯವರು ಪ್ರಯೋಗ ಮಾಡಿ ಅದೇ ಫಲಿತಾಂಶ ಪಡೆದಾಗ ಒಬ್ಬೊಬ್ಬರಾಗಿ ಒಪ್ಪತೊಡಗಿದರು. ಅಷ್ಟರಲ್ಲಿ, 1922ರಲ್ಲಿ, ಲ್ಯಾಬಿನ ಕೆಲಸದಿಂದ ಇವಾನ್ಸ್ ಅವರಿಗೇ ಆ ಸೋಂಕು ತಗಲಿತು. ಜ್ವರ, ಮೈಕೈ ನೋವು, ಸುಸ್ತು ಬಂದು ಹೋಗಿ ವರ್ಷಗಟ್ಟಲೆ ಕಾಡಿತು. ರೋಗ ಪತ್ತೆಯಾಗುವ ಮೊದಲು ಅದನ್ನು ಬರೀ ನರಗಳ ದೌರ್ಬಲ್ಯ ಅಂತ ತಳ್ಳಿಹಾಕಿದ್ದರು. ಯಾವ ರೋಗ ಮನುಷ್ಯರಿಗೂ ಬರುತ್ತದೆ ಅಂತ ಆಕೆ ಹೇಳಿದ್ದರೋ ಅದೇ ರೋಗ ಆಕೆಯ ಮೈಯಲ್ಲಿದ್ದಾಗ, ಅದನ್ನೂ ನಂಬುವವರಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1928ರಲ್ಲಿ ಅವರು ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1930ರ ದಶಕದಲ್ಲಿ ಹಾಲನ್ನು ಬಿಸಿ ಮಾಡಿ ರೋಗಾಣು ಕೊಲ್ಲುವ, ಅಂದರೆ ಪಾಶ್ಚರೀಕರಿಸುವ ಪದ್ಧತಿ ಅಲ್ಲಿ ಗಟ್ಟಿಯಾಗಿ ನೆಲೆ ನಿಂತಿತು. ಅದರ ಹಿಂದೆ ಅವರ ಕೆಲಸವೂ ಇದೆ.

ಇದು ನಮಗೆ ದೂರದ ಕತೆ ಅಂತ ಅನ್ನಿಸಬಹುದು. ನಾವು ಹಾಲು ಕಾಯಿಸಿಯೇ ಕುಡಿಯುವವರು, ಆ ಮಟ್ಟಿಗೆ ಸರಿ. ಆದರೆ ದನ ಕಂದು ಹಾಕಿದಾಗ ಹಟ್ಟಿ ತೊಳೆಯುವವರು ಯಾರು? ಮಾಸು ಬೀಳದಿದ್ದಾಗ ಹತ್ತಿರ ನಿಲ್ಲುವವರು ಯಾರು? ಬರಿಗೈಯಲ್ಲಿ ಆ ನೀರು, ಆ ಮಾಸು ಮುಟ್ಟಿದರೂ ಈ ಸೋಂಕು ಬರುತ್ತದೆ. ಕೈಯಲ್ಲಿ ಸಣ್ಣ ಗಾಯ ಇದ್ದರೆ ಸಾಕು. ಬಿಟ್ಟು ಬಿಟ್ಟು ಜ್ವರ, ಗಂಟು ನೋವು, ರಾತ್ರಿ ಬೆವರು ಇದ್ದು ಯಾವ ಮದ್ದಿಗೂ ಕಡಿಮೆಯಾಗದಿದ್ದರೆ, ಆಸ್ಪತ್ರೆಯಲ್ಲಿ "ನಮ್ಮ ಮನೆಯಲ್ಲಿ ದನ ಇದೆ, ಅದು ಕಂದು ಹಾಕಿತ್ತು" ಅಂತ ನೀವಾಗಿಯೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಗಬ್ಬದ ಕೊನೆಯ ತಿಂಗಳುಗಳಲ್ಲಿ ದನ ಕಂದು ಹಾಕಿದರೆ ಸುಮ್ನೆ ಬಿಡಬೇಡಿ. ಕಂದು ಮತ್ತು ಮಾಸನ್ನು ನಾಯಿಗೆ ಸಿಗದ ಹಾಗೆ ಸುಣ್ಣ ಹಾಕಿ ಆಳವಾಗಿ ಹೂಳಿ. ಕೈಗೆ ಗ್ಲೌಸ್ ಹಾಕಿ. ಗ್ಲೌಸ್ ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಇದಕ್ಕೆ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯ ಜೊತೆ ಇದೂ ಸೇರಿದೆ. ಒಂದು ಸಲ ಹಾಕಿಸಿದರೆ ಸಾಕು. ಆ ವಯಸ್ಸು ದಾಟಿತೆಂದರೆ ಆಮೇಲೆ ಹಾಕುವುದಿಲ್ಲ, ಹಾಗಾಗಿ ಕರು ಹುಟ್ಟಿದ ತಾರೀಕು ಬರೆದಿಡಬೇಕು. ತಾರೀಕಿನ ಮಾತಿಗೆ ಆಮೇಲೆ ಬರುತ್ತೇನೆ.

ಇವಾನ್ಸ್ ಅವರ ವಿಷಯದಲ್ಲಿ ನಂಬದೆ ಹೋದದ್ದು ಅವರ ಮಾತನ್ನು ಮಾತ್ರ. ಐರ್ಲೆಂಡಿನ ಅಲೀನ್ ಕಸ್ಟ್ ಅವರಿಗೆ ಪರೀಕ್ಷೆಗೆ ಕೂರಲೇ ಬಿಡಲಿಲ್ಲ. ಎಡಿನ್‌ಬರೋದ ಕಾಲೇಜಿನಲ್ಲಿ ಅವರು 1900ರಲ್ಲಿ ಪಶುವೈದ್ಯ ಓದು ಪೂರ್ತಿ ಮಾಡಿದ್ದರು. ಆದರೆ ಬ್ರಿಟನ್ನಿನಲ್ಲಿ ಪಶುವೈದ್ಯರಿಗೆ ಮಾನ್ಯತೆ ಕೊಡುತ್ತಿದ್ದ ಸಂಸ್ಥೆ ಹೆಣ್ಣಿಗೆ ಪರೀಕ್ಷೆ ಇಲ್ಲ ಅಂದಿತು. ಅವರು ಊರಿಗೆ ಮರಳಿ ಒಬ್ಬ ಪಶುವೈದ್ಯರ ಸಹಾಯಕಿಯಾಗಿ ಕುದುರೆ, ದನಗಳಿಗೆ ಮದ್ದು ಮಾಡುತ್ತ ಬದುಕಿದರು. ರೈತರಿಗೆ ಅವರ ಮೇಲೆ ಭರವಸೆ ಇತ್ತು, ಕಾಗದದಲ್ಲಿ ಮಾತ್ರ ಅವರು ಡಾಕ್ಟ್ರಾಗಿರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ವೃತ್ತಿಯಿಂದ ಹೊರಗಿಡಬಾರದು ಅನ್ನುವ ಕಾನೂನು 1919ರಲ್ಲಿ ಬಂತು. 1922ರ ಡಿಸೆಂಬರಿನಲ್ಲಿ ಅವರ ಕೈಗೆ ಡಿಪ್ಲೊಮಾ ಸಿಕ್ಕಿತು. ಆಗ ಅವರಿಗೆ ಐವತ್ತು ದಾಟಿತ್ತು.

ನಮ್ಮಲ್ಲಿ? ಮದ್ರಾಸ್ ಪಶುವೈದ್ಯ ಕಾಲೇಜು ಶುರುವಾದದ್ದು 1903ರಲ್ಲಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಜಿಲ್ಲೆ ಮದ್ರಾಸಿಗೆ ಸೇರಿದ್ದು. ಹಾಗಾಗಿ ಆ ಕಾಲೇಜು ಅಂದಿಗೆ ನಮ್ಮ ಊರಿನ ಮಕ್ಕಳಿಗೂ ಹಕ್ಕಿನ ಕಾಲೇಜು. ಅಲ್ಲಿಂದ ಸಕ್ಕುಬಾಯಿ ರಾಮಚಂದ್ರನ್ ಪದವಿ ಪಡೆದು ಹೊರಬಂದದ್ದು 1950ರ ದಶಕದ ಮೊದಲಲ್ಲಿ. ಭಾರತದ ಮೊದಲ ಮಹಿಳಾ ಪಶುವೈದ್ಯರಲ್ಲಿ ಅವರೊಬ್ಬರು. ಕಾಲೇಜು ತೆರೆದು ಸುಮಾರು ಅರ್ಧ ಶತಮಾನ ಆಗಿತ್ತು. ಅಷ್ಟು ಕಾಲ ಹಟ್ಟಿಯ ಕೆಲಸವೆಲ್ಲ ಹೆಂಗಸರೇ ಮಾಡಿಕೊಂಡು ಬಂದಿದ್ದರು ಅನ್ನುವುದನ್ನು ಮರೆಯಬೇಡಿ.

ಈಗ ನಮ್ಮ ಪಕ್ಕದ ಉದಾಹರಣೆಗೆ ಬರೋಣ. ಡಾ. ಶೋಶಮ್ಮ ಐಪ್. ತೃಶ್ಶೂರಿನ ಮಣ್ಣುತ್ತಿಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಜಾನುವಾರು ತಳಿಗಳ ವಿಷಯ ಅವರದ್ದು.

ಅವರ ಕೆಲಸ ಅರ್ಥವಾಗಬೇಕಾದರೆ ಅದರ ಹಿಂದಿನ ಮೂವತ್ತು ವರ್ಷ ಗೊತ್ತಿರಬೇಕು. ಹಾಲು ಜಾಸ್ತಿ ಮಾಡಬೇಕು ಅಂತ ಕೇರಳ ಸರಕಾರ ಮಿಶ್ರತಳಿಯ ದಾರಿ ಹಿಡಿಯಿತು. 1961ರಲ್ಲಿ ಜಾನುವಾರು ಅಭಿವೃದ್ಧಿ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದ ಹೋರಿಗಳ ಬೀಜ ಒಡೆಸಬೇಕು ಅಂತಾಯಿತು. ಲೈಸೆನ್ಸ್ ಊರ ಹೋರಿಗಳಿಗೆ ಸಿಗುತ್ತಿರಲಿಲ್ಲ. 1963ರಲ್ಲಿ ಸ್ವಿಟ್ಜರ್‌ಲೆಂಡಿನ ಸಹಾಯದಿಂದ ಮಾಟ್ಟುಪೆಟ್ಟಿಯಲ್ಲಿ ಯೋಜನೆ ಶುರುವಾಯಿತು. ಬ್ರೌನ್ ಸ್ವಿಸ್ ಹೋರಿಗಳಿಂದ ಸುನಂದಿನಿ ಅನ್ನುವ ತಳಿ ಬಂತು. ಹಾಲು ಜಾಸ್ತಿಯಾಯಿತು, ಅದು ಸುಳ್ಳಲ್ಲ. ಎಷ್ಟೋ ಮನೆಗಳು ಆ ಹಾಲಿನಿಂದ ನಡೆದವು, ಮಕ್ಕಳು ಓದಿದರು. ನಾನು ಮಿಶ್ರತಳಿಯನ್ನು ಹಳಿಯಲು ಬಂದವಳಲ್ಲ. ಆದರೆ ಊರ ಹೋರಿ ಇಲ್ಲದಿದ್ದರೆ ಊರ ದನದ ಕರು ಎಲ್ಲಿಂದ ಬರಬೇಕು? ಸದ್ದಿಲ್ಲದೆ ಒಂದೊಂದೇ ತಳಿ ಕಡಿಮೆಯಾಗುತ್ತ ಬಂತು.

ವೈಕಂ ಹತ್ತಿರದ ವೆಚ್ಚೂರಿನಲ್ಲಿ ಒಂದು ಕುಳ್ಳ ತಳಿ ಇತ್ತು. ಎತ್ತರ ಸುಮಾರು ತೊಂಬತ್ತು ಸೆಂಟಿಮೀಟರ್. ಜಗತ್ತಿನ ಅತಿ ಸಣ್ಣ ದನದ ತಳಿಗಳಲ್ಲಿ ಅದೂ ಒಂದು. 1980ರ ದಶಕದಲ್ಲಿ ಅದು ಇಲ್ಲವೇ ಇಲ್ಲ ಅನ್ನುವ ಸ್ಥಿತಿಗೆ ಬಂದಿತ್ತು. 1989ರಲ್ಲಿ ಶೋಶಮ್ಮ ಮತ್ತು ಅವರ ವಿದ್ಯಾರ್ಥಿಗಳು ಆ ದನವನ್ನು ಹುಡುಕಲು ಹೊರಟರು. ಊರೂರು ಸುತ್ತಿ, ಹಟ್ಟಿ ಹಟ್ಟಿಗೆ ಹೋಗಿ ಕೇಳಿದರು. ಒಬ್ಬ ರೈತನ ಮನೆಯಲ್ಲಿ ಒಂದು ಸಿಕ್ಕಿತು. ಆಮೇಲೆ ಇನ್ನೊಂದು, ಮತ್ತೊಂದು. ಹೀಗೆ ಕೈಬೆರಳೆಣಿಕೆಯ ದನಗಳನ್ನು ಮಣ್ಣುತ್ತಿಗೆ ತಂದು ತಳಿ ಉಳಿಸುವ ಕೆಲಸ ಶುರುಮಾಡಿದರು.

ಈ ಕೆಲಸ ಕೇಳಿದಷ್ಟು ಸುಲಭವಲ್ಲ. ಇರುವ ದನ ಕಡಿಮೆ ಅಂದರೆ ಅಪ್ಪ ಮಗಳು, ಅಣ್ಣ ತಂಗಿ ಕೂಡುವ ಅಪಾಯ ಇರುತ್ತದೆ. ಎರಡು ಮೂರು ತಲೆಮಾರಿನಲ್ಲಿ ಕರುಗಳು ಬಲಹೀನವಾಗುತ್ತವೆ, ಗಬ್ಬ ನಿಲ್ಲುವುದಿಲ್ಲ. ಹಾಗಾಗಿ ಯಾವ ಕರುವಿನ ತಾಯಿ ಯಾರು, ಅಜ್ಜಿ ಯಾರು, ಯಾವ ಹೋರಿಯ ವೀರ್ಯ ಯಾವ ದನಕ್ಕೆ ಅಂತ ಪ್ರತಿಯೊಂದನ್ನೂ ಬರೆದಿಟ್ಟು ಲೆಕ್ಕ ಹಾಕಿ ಕೂಡಿಸಬೇಕು. ವೀರ್ಯವನ್ನು ಶೈತ್ಯೀಕರಿಸಿ ಇಡಬೇಕು. ಈ ಎಲ್ಲ ಕೆಲಸದ ಮಧ್ಯೆ ಸರಕಾರದ ನೀತಿಯೇ ಇನ್ನೊಂದು ದಿಕ್ಕಿಗಿತ್ತು. ದಿನಕ್ಕೆ ಎರಡು ಮೂರು ಲೀಟರ್ ಹಾಲು ಕೊಡುವ ದನಕ್ಕೆ ಇಷ್ಟು ಶ್ರಮ ಯಾಕೆ ಅನ್ನುವ ಪ್ರಶ್ನೆಗೆ ಅವರು ವರ್ಷಗಟ್ಟಲೆ ಉತ್ತರ ಕೊಡಬೇಕಾಯಿತು. ಇಂದು ವೆಚ್ಚೂರು ರಾಷ್ಟ್ರ ಮಟ್ಟದಲ್ಲಿ ನೋಂದಾಯಿತ ತಳಿ. 2022ರಲ್ಲಿ ಶೋಶಮ್ಮ ಅವರಿಗೆ ಪದ್ಮಶ್ರೀ ಬಂತು.

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರು ದನವನ್ನು ಅಳೆದ ರೀತಿ. ಲೀಟರ್ ಲೆಕ್ಕ ಒಂದನ್ನೇ ಹಿಡಿದರೆ ಕುಳ್ಳ ದನ ಸೋಲುತ್ತದೆ. ಎಷ್ಟು ತಿಂದು ಎಷ್ಟು ಕೊಟ್ಟಿತು, ಎಷ್ಟು ಸಲ ಡಾಕ್ಟ್ರನ್ನು ಕರೆಸಿತು, ಎಷ್ಟು ಕರು ಹಾಕಿತು, ಬೇಸಿಗೆಯ ಸೆಕೆಯಲ್ಲಿ ಏದುಸಿರು ಬಿಟ್ಟಿತೇ ಅಂತ ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ಇವೆಲ್ಲ ದನ ಸಾಕುವ ಯಾವ ಅಮ್ಮನನ್ನು ಕೇಳಿದರೂ ಹೇಳುವ ಮಾತುಗಳು. ಅದನ್ನು ಅಳತೆ ಮಾಡಿ, ಅಂಕಿಯಾಗಿಸಿ, ಪ್ರಬಂಧವಾಗಿಸಿ ಮುಂದಿಡಲು ಒಬ್ಬ ಸಂಶೋಧಕಿ ಬೇಕಾಯಿತು.

ಇದು ನಮ್ಮ ಕಾಸರಗೋಡು ಗಿಡ್ಡಕ್ಕೆ ನೂರಕ್ಕೆ ನೂರು ಸಲ್ಲುತ್ತದೆ. ಇಲ್ಲೇ ಬೇಳದಲ್ಲಿ ಈ ತಳಿಗೆಂದೇ ಸರಕಾರಿ ಸಾಕಣೆ ಕೇಂದ್ರ ಇದೆ. ನೀವು ಹತ್ತಿರದಲ್ಲೇ ಇದ್ದೀರಿ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಒಂದು ಮೀಟರಿನ ಆಸುಪಾಸು ಎತ್ತರ. ಗುಡ್ಡೆಯಲ್ಲಿ, ಮುರಕಲ್ಲಿನ ಪಾರೆಯಲ್ಲಿ ಸಿಕ್ಕಿದ್ದನ್ನು ತಿಂದು ಬರುವ ದನ. ದಿನಕ್ಕೆ ಒಂದೆರಡು ಲೀಟರ್ ಹಾಲು. ಆದರೆ ನಮ್ಮ ಹಿರಿಯರು ದನ ಸಾಕಿದ್ದು ಹಾಲಿಗೆ ಮಾತ್ರವೇ? ಅಡಿಕೆ ತೋಟ ನಿಂತದ್ದೇ ಹಟ್ಟಿಗೊಬ್ಬರದ ಮೇಲೆ. ಗುಡ್ಡೆಯಿಂದ ಸೊಪ್ಪು ಕಡಿದು ತಂದು ಹಟ್ಟಿಗೆ ಹಾಸುವುದು, ದನ ತುಳಿದು ಸೆಗಣಿ ಮೂತ್ರ ಸೇರಿ ಅದು ಗೊಬ್ಬರವಾಗುವುದು, ಅದನ್ನು ಅಡಿಕೆ ಬುಡಕ್ಕೆ ಹೊರುವುದು. ಹೊತ್ತದ್ದೂ ಹೆಚ್ಚಾಗಿ ಹೆಂಗಸರೇ. ಈಗ ಗುಡ್ಡೆಗೆ ರಬ್ಬರ್ ಬಂದು ಮೇಯುವ ಜಾಗ ಹೋಗಿದೆ. ಬಿಡುವಂತಿಲ್ಲ, ಕಟ್ಟಿ ಹಾಕಬೇಕು. ಕಟ್ಟಿ ಹಾಕಿದ ಗಿಡ್ಡದ ಗುಣ ಮೇಯುವ ಗಿಡ್ಡದ ಗುಣದಂತೆಯೇ ಇರುತ್ತದೆಯೇ? ಅದಕ್ಕೆ ಎಷ್ಟು ಬೈಹುಲ್ಲು, ಎಷ್ಟು ಹಿಂಡಿ ಸಾಕು? ಒಂದು ದನದಿಂದ ವರ್ಷಕ್ಕೆ ಎಷ್ಟು ಗೊಬ್ಬರ, ಅದು ಎಷ್ಟು ಅಡಿಕೆ ಮರಕ್ಕೆ ಸಾಕು? ಇವು ನಮ್ಮೂರಿನ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡಬಹುದಾದ ಪ್ರಶ್ನೆಗಳು. ಬೇರೆ ಊರಿನವರಿಗೆ ಇವು ತೋಚುವುದೇ ಕಷ್ಟ.

ಇನ್ನು ಹೇಳಲು ಕಷ್ಟವಾಗುವ ಒಂದು ವಿಷಯ. ಹೇಳದೆ ಬಿಡಲು ಆಗುವುದಿಲ್ಲ.

ಎಣ್ಮಕಜೆ, ಪಡ್ರೆ, ಸ್ವರ್ಗ ಊರುಗಳ ಕಡೆಯವರು ಇಲ್ಲಿ ಇದ್ದೀರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲವನ್ನು ನೀವು ಕಂಡಿದ್ದೀರಿ. 1970ರ ದಶಕದಲ್ಲಿ ಶುರುವಾಗಿ 2000ದವರೆಗೆ ನಡೆಯಿತು. ಅದರಿಂದ ಜನರಿಗೆ ಆದದ್ದು ಈಗ ದೇಶಕ್ಕೆಲ್ಲ ಗೊತ್ತು. ಆದರೆ ಮೊದಲ ಸೂಚನೆಗಳಲ್ಲಿ ಒಂದು ಬಂದದ್ದು ಹಟ್ಟಿಯಿಂದ. ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಪತ್ರಕರ್ತರೂ ಕೃಷಿಕರೂ ಆದ ಶ್ರೀ ಪಡ್ರೆ ಇದನ್ನು 1979ರ ಹೊತ್ತಿಗೇ ಗಮನಿಸಿ, ಆಮೇಲೆ ಬರೆದರು. ಆ ಬರಹ ಓದಿ ಒಬ್ಬ ಪಶು ಸಂಶೋಧಕ ಅಥವಾ ಸಂಶೋಧಕಿ ಆ ಕರುಗಳ ಬೆನ್ನು ಹತ್ತಿದ್ದರೆ? ಯಾವ ಊರು, ಯಾವ ತಿಂಗಳು ಗಬ್ಬ, ಯಾವ ತಿಂಗಳು ಸಿಂಪಡಣೆ, ದನ ಕುಡಿದ ನೀರು ಗುಡ್ಡೆ ಕೊರೆದು ನೀರು ತೆಗೆದ ಯಾವ ಸುರಂಗದ್ದು, ಯಾವ ತೋಡಿನದ್ದು? ಪ್ರಾಣಿಗಳು ನಮ್ಮ ನೀರನ್ನೇ ಕುಡಿಯುತ್ತವೆ, ನಮ್ಮ ಗಾಳಿಯನ್ನೇ ಉಸಿರಾಡುತ್ತವೆ. ದನ ಗಬ್ಬ ಹೊರುವುದು ಹೆಚ್ಚುಕಡಿಮೆ ಒಂಬತ್ತೂವರೆ ತಿಂಗಳು, ಮನುಷ್ಯರಷ್ಟೇ. ಕರುಗಳಲ್ಲಿ ಕಂಡದ್ದನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಇಪ್ಪತ್ತು ವರ್ಷ ಉಳಿಯುತ್ತಿತ್ತು. ಇದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಕೋರ್ಟಿಗೆ ಹೋದವರಲ್ಲಿ ಮುಂದಿದ್ದವರು ಒಬ್ಬ ಹೆಂಗಸೇ. ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಪೆರಿಯದ ಲೀಲಾಕುಮಾರಿ ಅಮ್ಮ. 1998ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ಸಿಂಪಡಣೆಗೆ ತಡೆ ತಂದರು. ಅವರು ವಿಜ್ಞಾನಿ ಅಲ್ಲ. ಆದರೆ ತನ್ನ ಮನೆಯ ಸುತ್ತ ಕಂಡದ್ದನ್ನು ಸುಮ್ಮನೆ ಬಿಡಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಎಂಡೋಸಲ್ಫಾನಿಗೆ ತಡೆ ಹಾಕಿತು.

ಹಟ್ಟಿಯಲ್ಲಿರುವವರ ಮಾತನ್ನು ಹುಡುಕಿಕೊಂಡು ಹೋದ ಪಶುವೈದ್ಯೆಯರೂ ನಮ್ಮ ದೇಶದಲ್ಲಿದ್ದಾರೆ. 1992ರಲ್ಲಿ ಸಾಗರಿ ರಾಮದಾಸ್ ಮತ್ತು ನಿತ್ಯಾ ಘೋಟ್ಗೆ ಎಂಬ ಇಬ್ಬರು ಆಂತ್ರ ಅನ್ನುವ ಸಂಸ್ಥೆ ಕಟ್ಟಿದರು. ಇಬ್ಬರೂ ಪಶುವೈದ್ಯೆಯರು. ಆಂಧ್ರ ಮತ್ತು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಕೆಲಸ. ಅವರು ಕೇಳಿದ ಮೊದಲ ಪ್ರಶ್ನೆಗಳು ನೋಡಿ. ಮನೆಯಲ್ಲಿ ಯಾವ ಪ್ರಾಣಿಯ ಯಾವ ಕೆಲಸ ಯಾರು ಮಾಡುತ್ತಾರೆ? ತರಬೇತಿಗೆ ಕರೆಯುವುದು ಯಾರನ್ನು? ಸಾಲ ಯಾರ ಹೆಸರಿನಲ್ಲಿ? ಕೆಲಸ ಹೆಂಗಸರದ್ದು, ತರಬೇತಿ ಗಂಡಸರಿಗೆ. ಆಡು, ಕೋಳಿ, ಕರುಗಳ ರೋಗದ ಬಗ್ಗೆ ಹೆಂಗಸರಿಗೆ ಗೊತ್ತಿದ್ದದ್ದನ್ನು ಅವರು ಕೂತು ಬರೆದುಕೊಂಡರು. ಯಾವ ಸೊಪ್ಪು ಯಾವುದಕ್ಕೆ, ಎಷ್ಟು, ಹೇಗೆ ಅಂತ. ಬರೆದುಕೊಂಡು ಹಾಗೇ ಹೊಗಳಲಿಲ್ಲ. ಯಾವುದು ಕೆಲಸ ಮಾಡುತ್ತದೆ, ಯಾವುದು ಇಲ್ಲ ಅಂತ ಪರೀಕ್ಷೆಗೂ ಹಚ್ಚಿದರು. ನನಗೆ ಅದು ಸರಿಯಾದ ದಾರಿ ಅನ್ನಿಸುತ್ತದೆ. ಅಜ್ಜಿಯ ಮದ್ದು ಅಂತ ಕಣ್ಣು ಮುಚ್ಚಿ ನಂಬುವುದೂ ಬೇಡ, ನಗುವುದೂ ಬೇಡ.

ಡೆಕ್ಕನಿ ಕುರಿಗಳ ಬಗ್ಗೆಯೂ ಅವರು ತುಂಬಾ ಕೆಲಸ ಮಾಡಿದರು. ಸೊಲ್ಲಾಪುರದ ಅಕ್ಕಲಕೋಟೆ, ಸಾಂಗ್ಲಿಯ ಜತ್ತ ಕಡೆ ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕನ್ನಡಿಗರಿದ್ದಾರೆ, ಕುರಿ ಸಾಕುವವರಿದ್ದಾರೆ. ಅವರ ಕರಿ ಕಂಬಳಿಗೆ ಬೇಕಾದ ಉಣ್ಣೆ ಕೊಡುವುದು ಈ ಡೆಕ್ಕನಿ. ದಿನವಿಡೀ ನಡೆದು, ಬರಗಾಲದಲ್ಲೂ ಬದುಕುವ ಕುರಿ. ಮಾಂಸ ಜಾಸ್ತಿ ಬರಲಿ ಅಂತ ಉಣ್ಣೆ ಇಲ್ಲದ ದೊಡ್ಡ ತಳಿಗಳ ಟಗರು ಬಿಟ್ಟಾಗ ಅಲ್ಲೂ ನಮ್ಮ ಗಿಡ್ಡದ ಕತೆಯೇ ಆಯಿತು. ಕಂಬಳಿ ನೇಯುವವರಿಗೆ ಉಣ್ಣೆ ಕಡಿಮೆಯಾಯಿತು.

ಟೆಂಪಲ್ ಗ್ರ್ಯಾಂಡಿನ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅದು ನಾಳೆಯೇ ನಿಮ್ಮ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಈ ಪ್ರಾಣಿವಿಜ್ಞಾನಿಗೆ ಆಟಿಸಂ ಇದೆ. ದನಗಳು ಓಣಿಯಲ್ಲಿ ನಡೆಯುವಾಗ ಯಾಕೆ ತಟ್ಟನೆ ನಿಲ್ಲುತ್ತವೆ ಅಂತ ತಿಳಿಯಲು ಅವರು ಆ ಓಣಿಗೇ ಇಳಿದು ದನದ ಕಣ್ಣಿನ ಎತ್ತರದಿಂದ ನೋಡಿದರು. ನೆಲದ ಮೇಲೆ ಹೊಳೆಯುವ ನೀರು, ತೂಗಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ಬಿಸಿಲು ನೆರಳಿನ ಗೆರೆ ಕಂಡವು. ದನಕ್ಕೆ ಅವು ಭಯ. ನಿಮ್ಮ ದನ ಇಂಜೆಕ್ಷನಿಗೆ ಕಟ್ಟುವ ಜಾಗಕ್ಕೆ ಬರದಿದ್ದರೆ 'ಹಠ' ಅಂತ ಹೊಡೆಯುವ ಮೊದಲು ಬಗ್ಗಿ ನೋಡಿ. ಅಲ್ಲಿ ತಂತಿಯಲ್ಲಿ ಒಂದು ಬಟ್ಟೆ ಹಾರಾಡುತ್ತಿರಬಹುದು.

ಈಗ ಪರಿಸ್ಥಿತಿ ಬದಲಾಗಿದೆ. ಪಶುವೈದ್ಯ ಕಾಲೇಜುಗಳಿಗೆ ಹೋದರೆ ಹುಡುಗಿಯರು ಬೇಕಾದಷ್ಟು ಕಾಣುತ್ತಾರೆ. ಡಾ. ಅಮೃತಾ ಪಟೇಲ್ ಪಶುವೈದ್ಯ ಓದಿ, 1998ರಿಂದ 2014ರವರೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯನ್ನು ನಡೆಸಿದರು. ಹೆಣ್ಣಿನಿಂದ ದನ ಹಿಡಿಯಲು ಆಗುತ್ತದೆಯೇ ಅನ್ನುವ ಪ್ರಶ್ನೆ ಈಗ ಕಡಿಮೆ. ಆದರೆ ಕೆಲವು ಸಣ್ಣ ಸಣ್ಣ ವಿಷಯಗಳು ದೊಡ್ಡ ಅಡ್ಡಿಯಾಗುತ್ತವೆ. ನಾನು ಕೆಲಸಕ್ಕೆ ಸೇರಿದ ಒಂದು ಆಸ್ಪತ್ರೆಯಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ರಾತ್ರಿ ಕರು ಅಡ್ಡ ಬಿದ್ದಿದೆ ಅಂತ ಫೋನು ಬಂದರೆ ಹೋಗಲು ವಾಹನ ಇರಲಿಲ್ಲ. ಸಂಶೋಧನೆಗೆ ಹೋದ ನನ್ನ ಗೆಳತಿಯರಲ್ಲಿ ಕೆಲವರು ಮಗು ಆದ ಮೇಲೆ ಮರಳಲಿಲ್ಲ, ಏಕೆಂದರೆ ದೂರದ ಫಾರ್ಮಿನಲ್ಲಿ ಹಗಲಿರುಳು ಮಾಹಿತಿ ಬರೆದುಕೊಳ್ಳುವಾಗ ಮಗುವನ್ನು ನೋಡಿಕೊಳ್ಳುವವರಿರಲಿಲ್ಲ. ಇದನ್ನು ಸರಿ ಮಾಡಲು ಹೊಸ ವಿಜ್ಞಾನ ಬೇಕಾಗಿಲ್ಲ. ಹಣ ಮತ್ತು ಮನಸ್ಸು ಬೇಕು.

ಇನ್ನು ತಾರೀಕಿನ ಮಾತು. ಪ್ರತಿ ಹಟ್ಟಿಗೆ ಒಂದು ನೋಟ್‌ಬುಕ್ ಇಡಿ. ದನ ಯಾವಾಗ ಬೆದೆಗೆ ಬಂತು, ಯಾವಾಗ ಗಬ್ಬದ ಇಂಜೆಕ್ಷನ್ ಆಯಿತು, ಯಾವ ಹೋರಿ, ಯಾವಾಗ ಕರು ಹಾಕಿತು, ಮಾಸು ಎಷ್ಟು ಹೊತ್ತಿಗೆ ಬಿತ್ತು, ಹಾಲು ಯಾವ ದಿನ ಇಳಿಯಿತು, ಆ ದಿನ ಏನು ತಿಂದಿತ್ತು. ಕನ್ನಡದಲ್ಲೇ ಬರೆಯಿರಿ. ಬರೆಯಲು ಬಾರದ ಅಮ್ಮಂದಿರು ಹೇಳಲಿ, ಮಕ್ಕಳು ಬರೆಯಲಿ. ಒಂದು ಊರಿನ ಮೂವತ್ತು ಹಟ್ಟಿಗಳ ಐದು ವರ್ಷದ ನೋಟ್‌ಬುಕ್ ಸಿಕ್ಕಿದರೆ ಸಂಶೋಧಕರಿಗೆ ಅದು ನಿಧಿ. ಕುಟುಂಬಶ್ರೀಯ ಮಹಿಳಾ ಗುಂಪುಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಒಬ್ಬ ಹಿರಿಯ ಅಮ್ಮ ಕೆಚ್ಚಲು ಬಾವಿಗೆ ಲೋಳೆಸರ ಹಚ್ಚಬಹುದೇ ಅಂತ ಕೇಳಿದರು. ಹಚ್ಚಬಹುದು. ಲೋಳೆಸರ, ಅರಸಿನ, ಸುಣ್ಣ ಸೇರಿಸಿ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಮಂಡಳಿಯೇ ಹೇಳಿಕೊಡುತ್ತದೆ. ಅಳತೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಸಿನ ಪುಡಿ, 15 ಗ್ರಾಂ ಸುಣ್ಣ. ಹಚ್ಚುವ ಮೊದಲು ಆ ಮೊಲೆಯ ಹಾಲನ್ನು ಪೂರ್ತಿ ಹಿಂಡಿ ತೆಗೆಯಬೇಕು. ದನಕ್ಕೆ ಜ್ವರ ಇದ್ದರೆ, ಹಾಲಿನಲ್ಲಿ ರಕ್ತ ಬಂದರೆ ಕಾಯದೆ ಡಾಕ್ಟ್ರನ್ನು ಕರೆಸಿ.

ಇನ್ನೊಬ್ಬರು, ಕನ್ನಡ ಮೀಡಿಯಂನಲ್ಲಿ ಓದಿದ ತನ್ನ ಮಗಳು ದನದ ಡಾಕ್ಟ್ರಾಗಬಹುದೇ ಅಂತ ಕೇಳಿದರು. ಖಂಡಿತ ಆಗಬಹುದು. ಕೇರಳದಲ್ಲಿ ಮಣ್ಣುತ್ತಿ ಮತ್ತು ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯ ಕಾಲೇಜುಗಳಿವೆ. ಓದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪ್ಲಸ್ ಟುವಿನಲ್ಲಿ ಬಯಾಲಜಿ ಇರಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಇದುವರೆಗಿನ ನಿಯಮದಂತೆ ಅದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಮಕ್ಕಳು ಇದನ್ನು ತಿಳಿಯದೆ ಇಲ್ಲಿನ ಕೇಂದ್ರ ಹಾಕಿ, ಆಮೇಲೆ ಇಂಗ್ಲಿಷ್ ಅಥವಾ ಮಲಯಾಳ ಪತ್ರಿಕೆಯ ಮುಂದೆ ಕೂರಬೇಕಾಗುತ್ತದೆ. ಕನ್ನಡದಲ್ಲೇ ಬರೆಯುವುದಾದರೆ ಅರ್ಜಿ ತುಂಬುವಾಗ ಮಂಗಳೂರನ್ನು ಕೇಂದ್ರವಾಗಿ ಆರಿಸಿಕೊಳ್ಳಬೇಕು. ಅರ್ಜಿ ತುಂಬಲು ಯಾರಿಗಾದರೂ ಸಹಾಯ ಬೇಕಿದ್ದರೆ ಈ ಗ್ರಂಥಾಲಯದವರಿಗೆ ಹೇಳಿ. ನಾನು ಬಂದು ಕೂರುತ್ತೇನೆ.